ಲಂಟಾನ ಕಡಿಯಬೇಡಿ, ಅದರ ಕತ್ತು ಹುಡುಕಿ

ಹನೂರಿನಿಂದ ಮಲೆ ಮಹದೇಶ್ವರ ಬೆಟ್ಟದ ಕಡೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತರೆ, ಮಳೆ ಬಿದ್ದ ತಿಂಗಳುಗಳಲ್ಲಿ ರಸ್ತೆಯ ಎರಡೂ ಕಡೆ ಹೂವೋ ಹೂವು. ಹಳದಿ, ಕಿತ್ತಳೆ, ಗುಲಾಬಿ, ಕೆಂಪು, ಎಲ್ಲವೂ ಒಂದೇ ಗೊಂಚಲಿನಲ್ಲಿ. ದೂರದಿಂದ ಬಂದವರು ಗಾಡಿ ನಿಲ್ಲಿಸಿ ಫೋಟೊ ತೆಗೆದುಕೊಳ್ಳುತ್ತಾರೆ. ನನಗೂ ಆ ಹೂವು ಚೆಂದವೇ. ಚಿಕ್ಕವರಿದ್ದಾಗ ಒಂದೊಂದೇ ಹೂವು ಕಿತ್ತು, ಒಂದರ ಬಾಯಿಗೆ ಇನ್ನೊಂದರ ಬಾಲ ಸಿಕ್ಕಿಸಿ ಬಳೆ ಮಾಡಿಕೊಳ್ಳುತ್ತಿದ್ದೆವು. ಆದರೆ ಅದೇ ಗಿಡ ನಮ್ಮಪ್ಪನ ಎರಡೂವರೆ ಎಕರೆ ಹೊಲವನ್ನು ಒಂಬತ್ತು ವರ್ಷದಲ್ಲಿ ನುಂಗಿಬಿಟ್ಟಿತು. ಅಪ್ಪ ಹೋದ ಮೇಲೆ ಹೊಲ ಬೀಳು ಬಿತ್ತು. ನಾನು ಶಾಲೆಯ ಕೆಲಸದಲ್ಲಿ ಊರೂರು ತಿರುಗುತ್ತಿದ್ದೆ. ನಿವೃತ್ತಿಯಾಗಿ ಬಂದು ನೋಡಿದರೆ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ನನಗಿಂತ ಎತ್ತರದ ಪೊದೆ. ಬಾವಿಯ ಕಟ್ಟೆಯೂ ಕಾಣುತ್ತಿರಲಿಲ್ಲ.

ಹೊಲ ವಾಪಸ್ ಬರಲು ಐದು ವರ್ಷ ಹಿಡಿಯಿತು. ಅದರಲ್ಲಿ ಮೊದಲ ಎರಡು ವರ್ಷ ದುಡ್ಡೂ ಹೋಯಿತು, ಗಿಡವೂ ಹೋಗಲಿಲ್ಲ. ನಿಮ್ಮ ಹೊಲದಲ್ಲೋ ಬೇಲಿಯಲ್ಲೋ ಮನೆ ಹಿಂದೆಯೋ ಲಂಟಾನ ಇದ್ದರೆ ಆ ಎರಡು ವರ್ಷ ನಿಮಗೆ ಉಳಿಯಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಗಿಡ ಗುರುತಿರಲಿ

ಜಾಸ್ತಿ ಜನ ಲಂಟಾನ ಅಂತಲೇ ಕರೆಯುತ್ತಾರೆ. ಚದುರಂಗ ಅನ್ನುವವರಿದ್ದಾರೆ, ಕಾಡು ಗುಲಾಬಿ ಅನ್ನುವವರೂ ಇದ್ದಾರೆ. ಗುರುತು ಹಿಡಿಯಲು ಹೂವೇ ಇರಬೇಕು ಅಂತಿಲ್ಲ. ಎಳೆ ಕಾಂಡವನ್ನು ಎರಡು ಬೆರಳ ನಡುವೆ ಇಟ್ಟು ಉರುಳಿಸಿ ನೋಡಿ. ಉರುಳುವುದಿಲ್ಲ, ನಾಲ್ಕು ಮೂಲೆ ಕೈಗೆ ಸಿಗುತ್ತವೆ. ಮೂಲೆಯ ಉದ್ದಕ್ಕೂ ಕೆಳಮುಖವಾಗಿ ಬಾಗಿದ ಸಣ್ಣ ಮುಳ್ಳು. ಎಲೆ ಎದುರುಬದುರು ಜೋಡಿಯಾಗಿ ಬರುತ್ತದೆ, ಮೈ ಉಪ್ಪುಕಾಗದದ ಹಾಗೆ ಒರಟು. ಹಿಸುಕಿದರೆ ಮೂಗಿಗೆ ಹೊಡೆಯುವ ವಾಸನೆ. ಇಷ್ಟು ಸಾಕು.

ಹೂವಿನ ವಿಷಯ ಮಾತ್ರ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ಗಿಡದ ಜಾಣತನ ಇರುವುದೇ ಅಲ್ಲಿ. ಒಂದು ಗೊಂಚಲು ಕೈಯಲ್ಲಿ ಹಿಡಿದು ನೋಡಿ. ನಡುವಿನ ಹೂವು ಹಳದಿ, ಅಂಚಿನದು ಗುಲಾಬಿ ಅಥವಾ ಕೆಂಪು. ಅಂಚಿನದು ಮೊದಲು ಅರಳಿದ್ದು. ಅರಳಿದ ದಿನ ಅದೂ ಹಳದಿಯೇ ಇತ್ತು. ಚಿಟ್ಟೆಗೆ ಬೇಕಾದ ಸಿಹಿ ಇರುವುದು ಆ ಹಳದಿ ಹೂವಿನಲ್ಲಿ. ಆಮೇಲೆ ಬಣ್ಣ ತಿರುಗುತ್ತದೆ. ತಿರುಗಿದ ಹೂವು ತಕ್ಷಣ ಉದುರುವುದಿಲ್ಲ. ಅಲ್ಲೇ ನಿಂತು ಗೊಂಚಲು ದೂರಕ್ಕೆ ದೊಡ್ಡದಾಗಿ ಕಾಣುವ ಹಾಗೆ ಮಾಡುತ್ತದೆ. ಹತ್ತಿರ ಬಂದ ಚಿಟ್ಟೆ ಮಾತ್ರ ಹಳದಿಯನ್ನೇ ಹುಡುಕಿ ಸೊಂಡಿಲು ಇಳಿಸುತ್ತದೆ. ಶಾಲೆಯ ಮಕ್ಕಳನ್ನು ಪೊದೆಯ ಮುಂದೆ ಹತ್ತು ನಿಮಿಷ ಕೂರಿಸಿ, ಯಾವ ಬಣ್ಣದ ಮೇಲೆ ಎಷ್ಟು ಸಲ ಕೂತಿತು ಅಂತ ಎಣಿಸಲು ಹೇಳುತ್ತಿದ್ದೆ. ಹಳದಿಯ ಲೆಕ್ಕ ಯಾವತ್ತೂ ಸೋತಿದ್ದಿಲ್ಲ.

ಹೂವು ಹೋದ ಜಾಗದಲ್ಲಿ ಹಸಿರು ಕಾಯಿ, ಆಮೇಲೆ ಮಿರಿಮಿರಿ ಮಿಂಚುವ ಕಪ್ಪು ಹಣ್ಣು. ಒಂದು ದೊಡ್ಡ ಪೊದೆ ವರ್ಷಕ್ಕೆ 12,000 ಹಣ್ಣು ಬಿಡಬಲ್ಲದು. ಪಿಕಳಾರ, ಮೈನಾ ಹಣ್ಣು ತಿಂದು ಹೋಗಿ ಮರದ ಮೇಲೆ ಕೂತು ಹಿಕ್ಕೆ ಹಾಕುತ್ತವೆ. ಮರದ ಕೆಳಗೆ ಸಸಿ ಏಳುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇದು ನಮ್ಮ ನೆಲದ ಗಿಡವಲ್ಲ. ಮಧ್ಯ ಮತ್ತು ದಕ್ಷಿಣ ಅಮೆರಿಕದ್ದು. 1809ರ ಹೊತ್ತಿಗೆ ಬ್ರಿಟಿಷರು ಕಲ್ಕತ್ತೆಯ ಸಸ್ಯತೋಟಕ್ಕೆ ಅಂದಕ್ಕಾಗಿ ತಂದರು. ಅಲ್ಲಿಂದ ಬಂಗಲೆಗಳ ಬೇಲಿಗೆ, ಬೇಲಿಯಿಂದ ಹಕ್ಕಿ ಹೊಟ್ಟೆಗೆ, ಹಕ್ಕಿಯಿಂದ ಕಾಡಿಗೆ. ಭಾರತೀಯ ವನ್ಯಜೀವಿ ಸಂಸ್ಥೆಯ ಸಂಶೋಧಕರು 2020ರಲ್ಲಿ ಹೇಳಿದ ಲೆಕ್ಕದ ಪ್ರಕಾರ ದೇಶದ ಹುಲಿ ಕಾಡುಗಳಲ್ಲಿ 1,54,000 ಚದರ ಕಿಲೋಮೀಟರ್ ಜಾಗವನ್ನು ಲಂಟಾನ ಹಿಡಿದಿದೆ. ನಮ್ಮ ಇಡೀ ಕರ್ನಾಟಕ ಇರುವುದೇ 1,91,791 ಚದರ ಕಿಲೋಮೀಟರ್. ಹೋಲಿಸಿ ನೋಡಿ.

ನಾನು ಮಾಡಿದ ತಪ್ಪುಗಳು

ಮೊದಲ ವರ್ಷ ಆರು ಆಳು ಹಚ್ಚಿ ಎಂಟು ದಿನ ಮಚ್ಚಿನಲ್ಲಿ ಬುಡಕ್ಕೆ ಕಡಿಸಿದೆ. ಒಣಗಿದ ಮೇಲೆ ಗುಡ್ಡೆ ಹಾಕಿ ಬೆಂಕಿ ಇಟ್ಟೆವು. ಹೊಲ ಬಯಲಾಗಿ ಕಂಡಾಗ ಅಳು ಬಂದಿತ್ತು, ಅಷ್ಟು ಸಂತೋಷ. ಮಳೆ ಬಿದ್ದು ತಿಂಗಳಾಗುವಷ್ಟರಲ್ಲಿ ಪ್ರತಿ ಕೂಳೆಯ ಸುತ್ತ ಹತ್ತು ಹದಿನೈದು ಚಿಗುರು. ಮೊದಲು ಒಂದು ಕಾಂಡ ಇದ್ದ ಕಡೆ ಈಗ ಒಂದು ಹಿಂಡು.

ಎರಡನೇ ವರ್ಷ ಮಣ್ಣು ತೋಡುವ ಯಂತ್ರವನ್ನು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ತಂದೆ. ಬೇರು ಸಮೇತ ಕಿತ್ತು ಹಾಕಿದರೆ ಮುಗಿಯಿತು ಅಂತ ಅಂದುಕೊಂಡಿದ್ದೆ. ಅದು ಅರ್ಧ ಗಿಡ ಕಿತ್ತಿತು, ಅರ್ಧ ಮುರಿಯಿತು, ಮುರಿದ ಬುಡಗಳನ್ನು ಮಣ್ಣಿನಲ್ಲಿ ಕಲಸಿಟ್ಟು ಹೋಯಿತು. ಮೇಲಿನ ಒಳ್ಳೆ ಮಣ್ಣು ಕೆಳಗೆ, ಕೆಳಗಿನ ಗರಸು ಮೇಲೆ. ಎಷ್ಟೋ ಕಾಲದಿಂದ ಮಣ್ಣಿನಲ್ಲಿ ಮಲಗಿದ್ದ ಬೀಜಕ್ಕೆಲ್ಲ ಬೆಳಕು ಸಿಕ್ಕಿತು. ಆ ವರ್ಷ ಎದ್ದಷ್ಟು ಸಸಿ ನಾನು ಯಾವತ್ತೂ ನೋಡಿಲ್ಲ. ರಾಗಿ ಪೈರಿನ ಹಾಗೆ ಒತ್ತಾಗಿ ಎದ್ದಿದ್ದವು.

ಕಳೆನಾಶಕ ಹೊಡೆಸಿ ಅಂತ ಹೇಳಿದವರು ಬಹಳ. ಬಾವಿ ಪಕ್ಕದಲ್ಲೇ ಇದೆ, ಅದರ ನೀರು ನಾವೂ ದನವೂ ಕುಡಿಯುತ್ತೇವೆ. ಹಾಗಾಗಿ ಆ ದಾರಿಗೆ ನಾನು ಹೋಗಲಿಲ್ಲ. ಹುಳ ಬಿಟ್ಟು ಹತೋಟಿ ಮಾಡುವ ಪ್ರಯತ್ನವೂ ಈ ದೇಶದಲ್ಲಿ ಹಳೆಯದು. 1921ರಲ್ಲೇ ಲಂಟಾನದ ಕಾಯಿಗೆ ಹತ್ತುವ ಸಣ್ಣ ನೊಣವನ್ನು ಹವಾಯಿಯಿಂದ ತರಿಸಿದ್ದರು. 1941ರಲ್ಲಿ ಎಲೆಯ ರಸ ಹೀರುವ ತಿಗಣೆಯನ್ನು ಆಸ್ಟ್ರೇಲಿಯಾದಿಂದ ತರಿಸಿದರು. ಎಲೆ ಸೊರಗುತ್ತದೆ, ಮಳೆ ಬಂದರೆ ಮತ್ತೆ ಚಿಗುರುತ್ತದೆ. ಗಿಡ ಎಲ್ಲೂ ಹೋಗಿಲ್ಲ, ನೋಡುತ್ತಿದ್ದೀರಲ್ವಾ.

ಕತ್ತು ಎಲ್ಲಿದೆ

ಮೂರನೇ ವರ್ಷ ಪೊನ್ನಾಚಿ ಕಡೆಯ ಒಂದು ಪೋಡಿನ, ಅಂದರೆ ಆದಿವಾಸಿ ಹಾಡಿಯ, ಸೋಲಿಗ ಅಜ್ಜ ನಮ್ಮ ಹೊಲದ ದಾರಿಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು. ನಾನು ಕುಡುಗೋಲಿನಲ್ಲಿ ಚಿಗುರು ಸವರುತ್ತಿದ್ದೆ.

"ಹಂಗ್ ಕುಯ್ದ್ರೆ ಅದು ಸಾಯ್ತದಾ ಅವ್ವ? ನೀ ಅದ್ರ ಕೂದ್ಲು ಕುಯ್ತಾ ಇದ್ದೀಯ. ಕತ್ತು ಎಲ್ಲದೆ ನೋಡು," ಅಂದರು.

"ಕತ್ತು ಅಂದ್ರೆ ಎಲ್ಲಿ ಅಜ್ಜ?"

ಪಕ್ಕದಲ್ಲಿ ಬಿದ್ದಿದ್ದ ಗುದ್ದಲಿ ತೆಗೆದುಕೊಂಡು ಒಂದು ಪೊದೆಯ ಬುಡದ ಮಣ್ಣನ್ನು ಮೆಲ್ಲಗೆ ಕೆರೆದರು. ಆಮೇಲೆ ಕೂತು ಬರಿಗೈಯಲ್ಲಿ ಮಣ್ಣು ಬಿಡಿಸಿದರು. ಮೇಲೆ ಕಾಂಡಗಳೆಲ್ಲ ಸೇರುವ ಕಡೆ ಮುಷ್ಟಿಯಷ್ಟು ದಪ್ಪದ, ಗಂಟುಗಂಟಾದ ಒಂದು ಬುಡ. ಸಿಪ್ಪೆ ಒರಟು, ಬೂದು ಬಣ್ಣ. ಮೇಲೆಲ್ಲ ಸಾಸಿವೆ ಗಾತ್ರದ ಮೊಗ್ಗು. ಆ ಗಂಟಿನ ಕೆಳಗೆ, ಮಣ್ಣಿನ ಮಟ್ಟದಿಂದ ಎರಡು ಮೂರು ಬೆರಳು ಅಗಲ ಇಳಿದರೆ ಬುಡ ಸಣ್ಣಗಾಗುತ್ತದೆ, ನಯವಾಗುತ್ತದೆ, ಬಣ್ಣ ತಿಳಿಯಾಗುತ್ತದೆ. ಅಲ್ಲಿಂದ ಕೆಳಗೆ ಅದು ಬೇರು. ಅಲ್ಲಿ ಮೊಗ್ಗಿಲ್ಲ. ಅಜ್ಜ ಹೆಬ್ಬೆರಳನ್ನು ಆ ಜಾಗದ ಮೇಲೆ ಒತ್ತಿ ಇಟ್ಟು, "ಇದೇ ಕತ್ತು. ಇದ್ರ ಕೆಳಗ್ ಹೊಡಿ. ಬೇರು ಒಳಗೇ ಇರ್ಲಿ, ಅದು ಕೊಳೀತದೆ," ಅಂದರು.

ಇಡೀ ಕೆಲಸದ ಗುಟ್ಟು ಇಷ್ಟೇ. ಚಿಗುರುವ ಶಕ್ತಿ ಇರುವುದು ಕಾಂಡವೂ ಬೇರೂ ಸೇರುವ ಆ ಗಂಟಿನಲ್ಲಿ. ಮಣ್ಣಿನ ಮೇಲೆ ಕಡಿದರೆ ಗಂಟು ಉಳಿಯುತ್ತದೆ, ಸುಟ್ಟರೂ ಮಣ್ಣಿನ ಮರೆಯಲ್ಲಿ ಬದುಕುತ್ತದೆ. ಗಂಟಿನ ಕೆಳಗೆ ಕಡಿದರೆ ಉಳಿದ ಬೇರು ಸಾಯುತ್ತದೆ. ದೆಹಲಿ ವಿಶ್ವವಿದ್ಯಾಲಯದ ಪ್ರೊಫೆಸರ್ ಸಿ. ಆರ್. ಬಾಬು ಮತ್ತು ಅವರ ಸಂಗಡಿಗರು ಕಾರ್ಬೆಟ್ ಕಾಡಿನಲ್ಲಿ ಇದೇ ವಿಧಾನದಿಂದ ಲಂಟಾನ ತೆಗೆಸಿದ್ದಾರೆ ಅಂತ ಆಮೇಲೆ ಓದಿ ತಿಳಿದೆ. ಅವರು ಹೇಳುವ ಅಳತೆ ಮಣ್ಣಿನ ಕೆಳಗೆ 3ರಿಂದ 5 ಸೆಂಟಿಮೀಟರ್. ಅಜ್ಜನ ಎರಡು ಮೂರು ಬೆರಳು, ಸರಿಹೋಯಿತು.

ಕೆಲಸ ಮಾಡುವ ಕ್ರಮ

ಕಾಲ ಮುಖ್ಯ. ಭರಣಿ ಮಳೆ ಬಿದ್ದು ಮಣ್ಣು ಒಂದು ಗೇಣು ನೆನೆದಿರಬೇಕು, ಆದರೆ ಕಾಲಿಗೆ ಮೆತ್ತಿಕೊಳ್ಳಬಾರದು. ನಮ್ಮ ಕಡೆ ಅದು ಮೇ ತಿಂಗಳ ನಡುವೆ. ಆಗ ಗುದ್ದಲಿ ಸಲೀಸಾಗಿ ಇಳಿಯುತ್ತದೆ. ಹಣ್ಣೂ ಕಡಿಮೆ ಇರುತ್ತದೆ. ಬೇಸಿಗೆಯ ಕಲ್ಲು ನೆಲದಲ್ಲಿ ಕತ್ತು ಹುಡುಕುವುದು ಆಗದ ಮಾತು.

ಉದ್ದ ಕಾವಿನ ಗುದ್ದಲಿ ಒಂದು, ಕಿರಿದಾದ ಬಾಯಿಯ ಪಿಕಾಸಿ ಒಂದು, ಮಚ್ಚು ಒಂದು, ಒಳ್ಳೆ ಗಟ್ಟಿ ಕವೆಗೋಲು ಒಂದು ಇಟ್ಟುಕೊಳ್ಳಿ. ತುಂಬು ತೋಳಿನ ಹಳೆ ಅಂಗಿ ಹಾಕಿ. ಎಡಗೈಗೆ ಗೋಣಿಚೀಲ ಸುತ್ತಿಕೊಳ್ಳಿ, ಕೈಗವಸಿಗಿಂತ ಅದೇ ವಾಸಿ. ಈ ಮುಳ್ಳು ಗೀರಿದರೆ ಎರಡು ದಿನ ಉರಿಯುತ್ತದೆ.

ಒಬ್ಬರೇ ಹೋಗಬೇಡಿ. ಪೊದೆಗೆ ಕೈ ಹಾಕುವ ಮುಂಚೆ ಕವೆಗೋಲಿನಲ್ಲಿ ನಾಲ್ಕು ಕಡೆ ಬಡಿಯಿರಿ, ಸ್ವಲ್ಪ ಕಾಯಿರಿ. ಒಳಗೆ ತಂಪಾಗಿರುತ್ತದೆ, ಹಾವು ಇರುತ್ತದೆ. ಕಾಡಂಚಿನವರಾದರೆ ಹಂದಿಯೂ ಮಲಗಿರಬಹುದು. ಹಕ್ಕಿ ಗೂಡು ಕಂಡರೆ ಆ ಪೊದೆ ಬಿಟ್ಟು ಮುಂದೆ ಹೋಗಿ. ಮರಿ ಹಾರಿಹೋದ ಮೇಲೆ ಬಂದರಾಯಿತು. ನಾನು ಹಾಗೆ ಬಿಟ್ಟ ಪೊದೆ ಒಂದೇ ವರ್ಷದಲ್ಲಿ ಏಳು.

ಪೊದೆಯಲ್ಲಿ ಹಣ್ಣಿದ್ದರೆ ಮೊದಲು ಅದನ್ನು ತೆಗೆಯಿರಿ. ಕೆಳಗೆ ಹಳೆ ಸೀರೆ ಹಾಸಿ, ಗೊಂಚಲು ಕುಯ್ದು ಅದರ ಮೇಲೇ ಬೀಳಿಸಿ. ಅಷ್ಟನ್ನು ಮಾತ್ರ ಒಂದು ಕಡೆ ಸುಟ್ಟುಬಿಡಿ.

ಆಮೇಲೆ ಒಬ್ಬರು ಕವೆಗೋಲನ್ನು ಪೊದೆಯ ಕಾಂಡಗಳಿಗೆ ಕೊಟ್ಟು ಒಂದು ಪಕ್ಕಕ್ಕೆ ತಳ್ಳಿ ಹಿಡಿಯಬೇಕು. ಬುಡ ಕಾಣುತ್ತದೆ. ಇನ್ನೊಬ್ಬರು ಬುಡದ ಸುತ್ತ ಮಣ್ಣು ಕೆರೆದು ಗಂಟು ಬಿಡಿಸಬೇಕು. ಗಂಟಿನ ಕೆಳಗೆ ಪಿಕಾಸಿಯನ್ನು ಓರೆಯಾಗಿ ಹೊಡೆಯಬೇಕು, ನೇರ ಅಲ್ಲ. ನೇರ ಹೊಡೆದರೆ ಗಂಟು ಸೀಳಿ ಅರ್ಧ ಒಳಗೇ ಉಳಿಯುತ್ತದೆ. ಸರಿಯಾಗಿ ಬಿದ್ದರೆ ಮೂರು ನಾಲ್ಕು ಪೆಟ್ಟಿಗೆ ಇಡೀ ಪೊದೆ ಛತ್ರಿಯ ಹಾಗೆ ಎದ್ದು ಬರುತ್ತದೆ. ಬಂದ ಬುಡವನ್ನು ತಿರುಗಿಸಿ ನೋಡಿ. ಕೆಳಗಡೆ ಕಡಿದ ಜಾಗ ಒಂದೇ ದುಂಡನೆಯ ಬಿಳಿ ಬಿಲ್ಲೆಯಾಗಿ, ನಯವಾಗಿ ಕಂಡರೆ ಕೆಲಸ ಸರಿಯಾಗಿದೆ. ಗಂಟು ಸೀಳಿದ ಹಾಗೆ ಒರಟಾಗಿ ಕಂಡರೆ ಮಣ್ಣಿನಲ್ಲಿ ಚೂರು ಉಳಿದಿದೆ ಅಂತ ಅರ್ಥ. ಕೈ ಹಾಕಿ ಹುಡುಕಿ ತೆಗೆಯಿರಿ. ಮೊದಲ ದಿನ ನಮಗೆ ಮೂರು ಜನಕ್ಕೆ ಹದಿನಾಲ್ಕು ಪೊದೆ ಆದವು. ವಾರ ಕಳೆದ ಮೇಲೆ ಕೈ ಪಳಗಿ ನಲವತ್ತರ ತನಕ ಹೋಯಿತು.

ಕಿತ್ತ ಪೊದೆಯನ್ನು ತಲೆಕೆಳಗು ಮಾಡಿ ಇಡಬೇಕು. ಬುಡ ಆಕಾಶ ನೋಡಬೇಕು. ಕಡೆಗಣಿಸುವ ಹಾಗಿಲ್ಲ, ಯಾಕೆಂದರೆ ಹಸಿ ಮಣ್ಣಿಗೆ ತಾಗಿದ ಬುಡ ಮತ್ತೆ ಬೇರು ಬಿಡುತ್ತದೆ. ಒಂದರ ಮೇಲೊಂದು ಹಾಗೇ ಬೋರಲು ಪೇರಿಸಿ, ಎರಡು ಮೂರು ವಾರ ಬಿಸಿಲಿಗೆ ಬಿಡಿ. ಕಾಂಡ ಮುರಿದಾಗ ಚಟ್ ಅಂತ ಸದ್ದು ಬಂದರೆ ಒಣಗಿದೆ.

ಇಳಿಜಾರಿನ ಹೊಲವಾದರೆ ಒಂದೇ ಸಲ ಎಲ್ಲ ಬೋಳಿಸಬೇಡಿ. ಮಣ್ಣು ಕೊಚ್ಚಿ ಹೋಗುತ್ತದೆ. ಅಡ್ಡಕ್ಕೆ ಪಟ್ಟೆಪಟ್ಟೆಯಾಗಿ, ಒಂದು ಪಟ್ಟೆ ತೆಗೆದು ಒಂದು ಪಟ್ಟೆ ಬಿಟ್ಟು ಮಾಡಿ. ಬಿಟ್ಟದ್ದನ್ನು ಮುಂದಿನ ವರ್ಷ ತೆಗೆಯಿರಿ.

ದನ ಕರು ಇದ್ದವರು ಇದನ್ನು ತಪ್ಪದೆ ಓದಿ

ಲಂಟಾನದ ಎಲೆ ದನಕ್ಕೆ ವಿಷ. ಮಾಮೂಲಿಯಾಗಿ ದನ ಅದನ್ನು ಮುಟ್ಟುವುದಿಲ್ಲ, ವಾಸನೆಗೇ ದೂರ ಹೋಗುತ್ತದೆ. ಆದರೆ ಮೇವಿಲ್ಲದ ಬೇಸಿಗೆಯಲ್ಲಿ, ಅಥವಾ ಬೇರೆ ಊರಿನಿಂದ ಹೊಸದಾಗಿ ತಂದ ದನವಾದರೆ ತಿಂದುಬಿಡುತ್ತದೆ. ಮೊದಲ ವರ್ಷ ಕಡಿದ ಪೊದೆಗಳನ್ನು ನಾನು ಕೊಟ್ಟಿಗೆಯ ಪಕ್ಕದಲ್ಲೇ ಒಟ್ಟಿಸಿದ್ದೆ. ಸಂತೆಯಿಂದ ತಂದ ಆರು ತಿಂಗಳ ಕರು ಹಗ್ಗ ಬಿಚ್ಚಿಕೊಂಡು ಹೋಗಿ ಬಾಡಿದ ಎಲೆ ಮೇಯ್ದಿತ್ತು. ಎರಡು ದಿನಕ್ಕೆ ಮೇವು ಬಿಟ್ಟಿತು, ಸಗಣಿ ಕಟ್ಟಿತು. ಬಿಸಿಲಿಗೆ ಬಿಟ್ಟರೆ ಒದ್ದಾಡಿ ಗೋಡೆಯ ನೆರಳಿಗೆ ಹೋಗಿ ನಿಲ್ಲುತ್ತಿತ್ತು. ಕಣ್ಣಿನ ರೆಪ್ಪೆ ಬಿಡಿಸಿ ನೋಡಿದರೆ ಒಳಗೆಲ್ಲ ಅರಿಸಿನ ಬಣ್ಣ. ಮೂತಿಯ ಚರ್ಮ, ಕಿವಿಯ ಚರ್ಮ ಸುಟ್ಟ ಹಾಗೆ ಸುಲಿದು ಬಂತು.

ಈ ವಿಷ ಯಕೃತ್ತಿಗೆ ಹೊಡೆಯುತ್ತದೆ. ಯಕೃತ್ತು ಕೆಟ್ಟರೆ ಹಸಿರು ಮೇವಿನಲ್ಲಿರುವ ಒಂದು ವಸ್ತು ದೇಹದಿಂದ ಹೊರಹೋಗದೆ ರಕ್ತದಲ್ಲಿ ನಿಲ್ಲುತ್ತದೆ. ಬಿಸಿಲು ಬಿದ್ದ ಕಡೆಯ ಚರ್ಮ ಸುಡುವುದು ಅದರಿಂದ. ಕಾಮಾಲೆ ಬರುವುದೂ ಯಕೃತ್ತು ಕೆಟ್ಟಿದ್ದರಿಂದಲೇ. ಡಾಕ್ಟರು ಇದ್ದಿಲಿನ ಪುಡಿಯ ಔಷಧ ಕುಡಿಸಿದರು, ಸೂಜಿ ಹಾಕಿದರು, ಕತ್ತಲೆ ಕೊಟ್ಟಿಗೆಯಲ್ಲಿ ಮೂರು ವಾರ ಕಟ್ಟಿ ಅಂದರು. ಕರು ಉಳಿಯಿತು. ಎರಡೂ ಕಿವಿಯ ತುದಿ ಹೋಯಿತು. ಈಗ ಅದು ಎರಡು ಕರು ಹಾಕಿದ ಹಸು. ಕಿವಿ ನೋಡಿದಾಗಲೆಲ್ಲ ನನಗೆ ಆ ದಿನಗಳು ನೆನಪಾಗುತ್ತವೆ.

ಕಿತ್ತ ಪೊದೆ ದನದ ಬಾಯಿಗೆ ಸಿಗದ ಕಡೆ ಇರಲಿ. ಈ ಲಕ್ಷಣ ಕಂಡರೆ ಮನೆಮದ್ದು ಅಂತ ಕಾಯಬೇಡಿ, ದನವನ್ನು ನೆರಳಿಗೆ ಕಟ್ಟಿ ತಕ್ಷಣ ಡಾಕ್ಟರಿಗೆ ಫೋನ್ ಮಾಡಿ. ಮಕ್ಕಳಿಗೂ ಹೇಳಿ. ಕಪ್ಪು ಹಣ್ಣನ್ನು ನಾವೆಲ್ಲ ತಿಂದವರೇ, ಆದರೆ ಹಸಿರು ಕಾಯಿ ವಿಷ. ಹಣ್ಣು ಯಾವುದು ಕಾಯಿ ಯಾವುದು ಅಂತ ಮೂರು ವರ್ಷದ ಮಗುವಿಗೆ ತಿಳಿಯುತ್ತದಾ? ಮುಟ್ಟಬೇಡಿ ಅನ್ನುವುದೇ ಸರಿ.

ಬೋಳು ನೆಲ ಬಿಡಬೇಡಿ

ಪೊದೆ ಕಿತ್ತ ವಾರದೊಳಗೆ ಏನಾದರೂ ಬಿತ್ತಿ. ಇದು ಕತ್ತು ಕಡಿಯುವಷ್ಟೇ ಮುಖ್ಯ. ಲಂಟಾನ ಇದ್ದ ಜಾಗದಲ್ಲಿ ಹುಲ್ಲು ಸತ್ತಿರುತ್ತದೆ. ಅದರ ನೆರಳು, ಅದರ ಎಲೆ ಬೇರಿನಿಂದ ಮಣ್ಣಿಗೆ ಇಳಿಯುವ ರಸ ಬೇರೆ ಗಿಡವನ್ನು ಏಳಗೊಡುವುದಿಲ್ಲ. ಖಾಲಿ ಬಿಟ್ಟರೆ ಕಾಂಗ್ರೆಸ್ ಹುಲ್ಲು ಬಂದು ಕೂರುತ್ತದೆ. ಒಂದು ಕಳೆ ತೆಗೆದು ಇನ್ನೊಂದಕ್ಕೆ ಜಾಗ ಮಾಡಿಕೊಟ್ಟ ಹಾಗೆ.

ಹೀಗೆ ಕತ್ತು ಕಡಿದು ಕಿತ್ತ ಮೇಲೆ ಮೊದಲ ವರ್ಷ ನಾನು ಹುರುಳಿ ಎರಚಿದೆ. ಕಡಿಮೆ ಮಳೆಗೂ ಬರುತ್ತದೆ, ನೆಲ ಮುಚ್ಚುತ್ತದೆ, ಮಣ್ಣಿಗೆ ಸಾರ ಕೊಡುತ್ತದೆ. ಬದುವಿನ ಕಡೆ ಹುಚ್ಚೆಳ್ಳು. ಹುಚ್ಚೆಳ್ಳಿನ ಹಳದಿ ಹೂವಿಗೆ ಜೇನು ಬಂದಾಗ ಹೊಲಕ್ಕೆ ಮತ್ತೆ ಜೀವ ಬಂತು ಅನ್ನಿಸಿತು. ಎರಡನೇ ವರ್ಷ ಅಲಸಂದೆ, ಮೂರನೇ ವರ್ಷಕ್ಕೆ ರಾಗಿ. ಉಳುಮೆ ಮಾಡದ ಕಲ್ಲು ಜಾಗದಲ್ಲಿ ಗರಿಕೆಯ ಬೇರು ತಂದು ಊರಿದೆ, ನಡುನಡುವೆ ನೆಲ್ಲಿ, ಹೊಂಗೆ, ಬೇವು ಹಾಕಿದೆ. ಮರದ ನೆರಳು ದಟ್ಟವಾದರೆ ಲಂಟಾನ ಸೊರಗುತ್ತದೆ. ಅದಕ್ಕೆ ಬಿಸಿಲು ಬೇಕು.

ಬೇಲಿಗಾಗಿ ಲಂಟಾನ ಬೆಳೆಸಿದವರು ಕೇಳುತ್ತಾರೆ, ಇದನ್ನು ತೆಗೆದರೆ ಆಡು ನುಗ್ಗುವುದಿಲ್ಲವಾ ಅಂತ. ಲಕ್ಕಿ ಗಿಡ ಹಾಕಿ. ಆಡು ಅದರ ಎಲೆ ತಿನ್ನುವುದಿಲ್ಲ, ಕಡ್ಡಿ ಊರಿದರೆ ಬರುತ್ತದೆ, ನಮ್ಮದೇ ನೆಲದ ಗಿಡ. ಮಳೆಗಾಲದ ಶುರುವಿಗೆ ಒಂದು ಮೊಳದ ಕಡ್ಡಿಗಳನ್ನು ಗೇಣಿಗೊಂದರಂತೆ ಊರಿ. ಅದು ಎದೆಮಟ್ಟ ಬರುವ ತನಕ ಹಳೆ ಬೇಲಿ ಇರಲಿ, ಹೂವು ಕಂಡ ಹಾಗೆಲ್ಲ ಕತ್ತರಿಸುತ್ತಿರಿ. ಆಮೇಲೆ ಲಂಟಾನ ತೆಗೆಯಿರಿ.

ಊರಿನ ನರ್ಸರಿಗಳಲ್ಲಿ ಕುಂಡದ ಲಂಟಾನ ಸಿಗುತ್ತದೆ, ಅಚ್ಚ ಹಳದಿ, ನೇರಳೆ, ಬಿಳಿ. ಬೀಜ ಕಟ್ಟುವುದಿಲ್ಲ ಅಂತ ಹೇಳಿ ಮಾರುತ್ತಾರೆ. ಕೆಲವು ತಳಿ ಕಟ್ಟುವುದಿಲ್ಲ, ನಿಜ. ಯಾವುದು ಅಂತ ಅಂಗಡಿಯಲ್ಲಿ ನಿಂತು ಹೇಳಲಾಗುವುದಿಲ್ಲ. ನನ್ನನ್ನು ಕೇಳಿದರೆ ತರಬೇಡಿ. ಚಿಟ್ಟೆ ಬರಲಿ ಅಂತ ಆಸೆ ಇದ್ದರೆ ಕೇಪಳ ಹಾಕಿ, ಅಂಗಳದ ಮೂಲೆಯಲ್ಲಿ ತುಂಬೆ ಕೀಳದೆ ಬಿಡಿ. ಈಗಾಗಲೇ ಮನೆಯಲ್ಲಿ ಕುಂಡ ಇದ್ದರೆ, ಹೂವು ಬಾಡಿದ ಗೊಂಚಲನ್ನು ಕಾಯಿ ಕಟ್ಟುವ ಮುಂಚೆ ಚಿವುಟುತ್ತಿರಿ.

ಕಡ್ಡಿಗೆ ಬೆಲೆ ಇದೆ

ಒಣಗಿದ ಪೊದೆಯನ್ನೆಲ್ಲ ಸುಡಬೇಕಾಗಿಲ್ಲ. ಸೌದೆಗೆ ಚೆನ್ನಾಗಿ ಉರಿಯುತ್ತದೆ. ನೇರವಾದ, ಹೆಬ್ಬೆರಳು ದಪ್ಪದ ಕಡ್ಡಿಗಳನ್ನು ಹಸಿ ಇರುವಾಗಲೇ ಬೇರೆ ಇಡಿ. ಮಹದೇಶ್ವರ ಬೆಟ್ಟದ ಸೋಲಿಗರು ಇದರಿಂದ ಕುರ್ಚಿ, ಮೇಜು, ಬುಟ್ಟಿ ಮಾಡುತ್ತಾರೆ. ಬೆಂಗಳೂರಿನ ಏಟ್ರೀ ಅನ್ನುವ ಪರಿಸರ ಸಂಶೋಧನಾ ಸಂಸ್ಥೆಯವರು ತರಬೇತಿ ಕೊಟ್ಟು ಬೆಳೆಸಿದ ಕೆಲಸ ಅದು. ಕಡ್ಡಿಯನ್ನು ದೊಡ್ಡ ಡ್ರಮ್ಮಿನ ನೀರಿನಲ್ಲಿ ಬೇಯಿಸುತ್ತಾರೆ. ಬೆಂದ ಕಡ್ಡಿಯ ಸಿಪ್ಪೆ ಬಾಳೆಹಣ್ಣಿನ ಸಿಪ್ಪೆಯಂತೆ ಜಾರಿ ಬರುತ್ತದೆ. ಬಿಸಿ ಇರುವಾಗಲೇ ಬೇಕಾದ ಹಾಗೆ ಬಗ್ಗಿಸಿ ಮೊಳೆ ಹೊಡೆಯುತ್ತಾರೆ. ನೋಡಲು ಬೆತ್ತದ ಹಾಗೇ ಇರುತ್ತದೆ. ಗೆದ್ದಲು ಸುಲಭಕ್ಕೆ ಮುಟ್ಟುವುದಿಲ್ಲ. 2024ರ ಫೆಬ್ರುವರಿಯಲ್ಲಿ ಲಾಲ್‌ಬಾಗಿನಲ್ಲಿ ಆನೆ ಗಾತ್ರದ ಆನೆಗಳನ್ನು ನಿಲ್ಲಿಸಿದ್ದರಲ್ಲ, ಅವೂ ಲಂಟಾನದ ಕಡ್ಡಿಯವೇ. ನೀಲಗಿರಿಯ ಗುಡಲೂರು ಕಡೆಯ ಆದಿವಾಸಿಗಳು ಕಟ್ಟಿದ್ದು. ಮೊಮ್ಮಗಳನ್ನು ಕರೆದುಕೊಂಡು ಹೋಗಿದ್ದೆ. ಒಂದು ಆನೆಯ ಕಾಲಿನ ಹತ್ತಿರ ನಿಂತು ಕಡ್ಡಿಯ ಗಂಟುಗಳನ್ನು ಬೆರಳಲ್ಲಿ ಮುಟ್ಟಿ, "ಅಜ್ಜಿ, ಇದು ನಮ್ಮ ಹೊಲದ್ದಾ?" ಅಂತ ಕೇಳಿದಳು.

ಒಂದು ಎಚ್ಚರಿಕೆ. ಇಲ್ಲಿ ಹೇಳಿದ್ದೆಲ್ಲ ನಿಮ್ಮ ಸ್ವಂತ ಜಮೀನಿಗೆ. ಕಾಡಿನ ಜಾಗದಲ್ಲಿ ಅರಣ್ಯ ಇಲಾಖೆಯ ಒಪ್ಪಿಗೆ ಇಲ್ಲದೆ ಒಂದು ಕಡ್ಡಿಯನ್ನೂ ತೆಗೆಯುವ ಹಾಗಿಲ್ಲ. ಬೆಂಕಿಯಂತೂ ಬೇಡವೇ ಬೇಡ. ಅಜ್ಜನನ್ನು ಈ ಬಗ್ಗೆ ಕೇಳಿದ್ದೆ. ಹಿಂದೆ ಸೋಲಿಗರು ಬೇಸಿಗೆ ಬಲಿಯುವ ಮುಂಚೆಯೇ ತರಗು ಬೆಂಕಿ ಹಾಕುತ್ತಿದ್ದರಂತೆ. ನೆಲದ ತರಗೆಲೆ ಮಾತ್ರ ಸುಟ್ಟು ಹೋಗುವ ಸಣ್ಣ ಬೆಂಕಿ. ಲಂಟಾನದ ಎಳೆ ಸಸಿ ಅದರಲ್ಲೇ ಸಾಯುತ್ತಿತ್ತು, ಮರಕ್ಕೆ ಏನೂ ಆಗುತ್ತಿರಲಿಲ್ಲ. ಕಾಡು ಅಭಯಾರಣ್ಯವಾದ ಮೇಲೆ ಆ ಬೆಂಕಿ ನಿಂತಿತು, ಲಂಟಾನ ಎದ್ದಿತು ಅನ್ನುವುದು ಅವರ ಮಾತು. "ಆಗ ಬೆಂಕಿ ನೆಲ್ದಲ್ ನಡೀತಿತ್ತು ಕಣವ್ವ. ಈಗ ಲಂಟಾನ ಹತ್ಕೊಂಡು ಮರದ್ ತಲೆಗೇ ಹೋಯ್ತದೆ," ಅಂದರು. ಅವರ ಮಾತಿನಲ್ಲಿ ಸತ್ಯವಿದೆ ಅಂತ ನನಗೆ ಪೂರ್ತಿ ನಂಬಿಕೆ. ಒಣಗಿದ ಲಂಟಾನ ಎಂಥ ಬೆಂಕಿ ಏಳಿಸುತ್ತದೆ ಅಂತ ಮೊದಲ ವರ್ಷ ನನ್ನ ಹೊಲದಲ್ಲೇ ನೋಡಿದ್ದೇನೆ. ಬದುವಿನ ಹಳೆ ಬೇವಿನ ಮರದ ಒಂದು ಪಕ್ಕ ಅವತ್ತು ಸುಟ್ಟಿದ್ದು ಇನ್ನೂ ಪೂರ್ತಿ ಚಿಗುರಿಲ್ಲ.

ಮೂರು ವರ್ಷ ಕಣ್ಣಿಟ್ಟಿರಿ

ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಕಾಯುತ್ತದೆ. ಆದ್ದರಿಂದ ಮಳೆಗಾಲದಲ್ಲಿ ತಿಂಗಳಿಗೊಂದು ಸಲ ಹೊಲ ಸುತ್ತಿ. ಮೊಣಕಾಲಿಗಿಂತ ಕೆಳಗಿನ ಸಸಿಗೆ ಗುದ್ದಲಿ ಬೇಡ, ಮಳೆ ಬಿದ್ದ ಮಾರನೇ ದಿನ ಕೈಯಲ್ಲೇ ಬರುತ್ತದೆ. ಬುಡ ಹಿಡಿದು ನಿಧಾನ ಎಳೆಯಿರಿ, ಜಗ್ಗಬೇಡಿ. ಜಗ್ಗಿದರೆ ಕತ್ತಿನ ಮೇಲೆ ಮುರಿಯುತ್ತದೆ.

ಎಲ್ಲ ಕಡೆ ಒಂದೇ ಸಮ ಹುಡುಕುವುದು ಬೇಡ. ಹಕ್ಕಿ ಕೂರುವ ಕಡೆ ನೋಡಿ: ಒಂಟಿ ಮರದ ಕೆಳಗೆ, ಬೇಲಿ ಕಂಬದ ಬುಡದಲ್ಲಿ, ಕರೆಂಟಿನ ತಂತಿಯ ಕೆಳಗೆ, ಹಳ್ಳದ ದಡದಲ್ಲಿ. ನಮ್ಮ ಹೊಲದಲ್ಲಿ ಸಸಿ ಏಳುವುದು ಮುಕ್ಕಾಲು ಪಾಲು ಬಾವಿ ಪಕ್ಕದ ಹುಣಸೆ ಮರದ ಕೆಳಗೆ. ಮೂರನೇ ವರ್ಷ ಅಲ್ಲಿ ಇನ್ನೂರಕ್ಕೂ ಜಾಸ್ತಿ ಕಿತ್ತೆ. ನಾಲ್ಕನೇ ವರ್ಷ ಅರವತ್ತು ಚಿಲ್ಲರೆ. ಹೋದ ವರ್ಷ ಹತ್ತೊಂಬತ್ತು. ಈ ವರ್ಷ ಮಳೆ ಈಗ ತಾನೇ ಶುರುವಾಗಿದೆ. ನಿನ್ನೆ ಸಂಜೆ ಹೋಗಿದ್ದಾಗ ನಾಲ್ಕು ಸಿಕ್ಕವು, ಎರಡೆಲೆಯವು, ಮುಟ್ಟಿದರೆ ಆಗಲೇ ಒರಟು. ಪಕ್ಕದ ಹೊಲದ ಬೇಲಿಯಲ್ಲಿ ಇನ್ನೂ ಲಂಟಾನ ಇದೆ. ಅವರ ಮನೆಗೆ ಭಾನುವಾರ ಪಿಕಾಸಿ ತೆಗೆದುಕೊಂಡು ಬರುತ್ತೇನೆ ಅಂತ ಹೇಳಿದ್ದೇನೆ.